ಸಿಗಡಿಯ ಮೀಸೆ, ಮೀನಿನ ಬಾಲ

ಹವಳದ ದಿಬ್ಬದ ಪ್ರಾಣಿಗಳನ್ನು ಎಳೆದು ತರದೆ ಅಲುಮಿತಳ ಬಾಯಿಂದ ಬುದ್ಧಿಮಾತು ಹೊರಡುತ್ತಿರಲಿಲ್ಲ. ಗಂಡ ಹೆಂಡಿರು ಜಗಳವಾಡಿದರೆ, "ಗಿಣಿಮೀನು ನೋಡಿ ಕಲೀರಿ. ಹಗಲೆಲ್ಲಾ ಕಲ್ಲು ಕಡಿದ್ರೂ ಮಲಗೋವಾಗ ತನ್ನದೇ ಲೋಳೆನ ಮೆತ್ತಗೆ ಹೊದ್ಕೊಂಡು ಮಲಗ್ತದೆ" ಎನ್ನುವಳು. ಫಿಜಿಯ ಆ ಕಡಲೂರಿನಲ್ಲಿ ಅವಳಂತೆ ಆಕ್ಟೋಪಸ್ ಹಿಡಿಯುವವರು ಇನ್ನೊಬ್ಬರಿಲ್ಲದ್ದರಿಂದ ಜನ ಸಹಿಸಿಕೊಂಡು ಕೇಳುತ್ತಿದ್ದರು.

ಆದರೆ ಎರಡು ವರ್ಷದಿಂದ ಅವಳ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗ ಪೆನಾಯ ತನ್ನನ್ನು ಮನೆಯಲ್ಲೇ ಚಾಪೆಯ ಮೇಲೆ ಕೂರಿಸಿಬಿಡುತ್ತಾನೆ. ಅರವತ್ತು ವರ್ಷ ಕಡಲಿಗಿಳಿದವಳಿಗೆ ಅದಕ್ಕಿಂತ ಸಾವೇ ವಾಸಿ ಅನಿಸಿತ್ತು.

ಊರಿನ ಮುಖ್ಯಸ್ಥ ತೀರಿಕೊಂಡಾಗ ಪದ್ಧತಿಯಂತೆ ನೂರು ದಿನ ದಿಬ್ಬಕ್ಕೆ ಯಾರೂ ಕಾಲಿಡಲಿಲ್ಲ. ನಿಷೇಧ ತೆಗೆದ ದಿನ ಪ್ರತಿ ಮನೆಯ ಹೆಂಗಸರೂ ಔತಣಕ್ಕೆ ಏನಾದರೂ ಹಿಡಿದು ತರಲೇಬೇಕು. ಬರಿಬುಟ್ಟಿ ಹೊತ್ತು ಬಂದವಳನ್ನು ಮುಂದಿನ ಮುಖ್ಯಸ್ಥ ಸಾಯುವತನಕ ಆಡಿಕೊಳ್ಳುತ್ತಾರೆ.

ಅಂದು ಸೊಸೆ ಮೆರೆಸೇನಿಯೂ ಉಡುಗೆ ಎತ್ತಿ ಕಟ್ಟಿ ಹೊರಟಳು. ಬೆಟ್ಟದ ಊರಿನವಳು, ನಾಲ್ಕು ವರ್ಷದಲ್ಲಿ ಒಮ್ಮೆಯೂ ಮೊಣಕಾಲುದ್ದದ ನೀರು ದಾಟಿರಲಿಲ್ಲ.

"ನೀನ್ಯಾಕೇ? ಅಲ್ಲೇನು ಗೆಣಸು ಕೀಳ್ತೀಯಾ?"

"ಬುಟ್ಟಿ ಹೊರ್ತೀನಿ ಅತ್ತೆ."

ಕಡಲಿನ ಇಳಿತದ ನೀರಿನಲ್ಲಿ ಅಲುಮಿತ ಬಿಲವೊಂದಕ್ಕೆ ಕಬ್ಬಿಣದ ಸರಳು ಚುಚ್ಚಿ ಎಳೆದಳು. ಬಂದದ್ದು ರಬ್ಬರ್ ಚಪ್ಪಲಿ.

"ಅಲುಮಿತಕ್ಕಾ, ಇನ್ನೊಂದು ಕಾಲಿಂದೂ ಸಿಕ್ರೆ ನಂಗೆ ಕೊಡು!" ಎಂದಳು ಪಕ್ಕದ ಮನೆಯ ಕೆಲೇರ. ದಿಬ್ಬವೆಲ್ಲಾ ನಕ್ಕಿತು. ಅಲುಮಿತಳೂ ನಕ್ಕಳು, ಚಪ್ಪಲಿಯನ್ನು ಬೇಗ ಬುಟ್ಟಿಯ ತಳಕ್ಕೆ ತುರುಕಿದಳು.

ಸ್ವಲ್ಪ ದೂರ ಹೋದ ಮೇಲೆ ಮೆರೆಸೇನಿ ಕೇಳಿದಳು: "ಅತ್ತೆ, ಆಕ್ಟೋಪಸ್ ಮನೆ ಹೆಂಗೆ ಪತ್ತೆ ಹಚ್ಚೋದು?"

"ತಿಂದ ಏಡಿಯ ಚಿಪ್ಪು ಬಾಗಿಲಲ್ಲೇ ಬಿಸಾಕಿರ್ತದೆ. ಒಳಗೆ ಎಷ್ಟು ಮುದುರಿ ಕೂತ್ರೇನು, ಕಸ ಗುಟ್ಟು ಬಿಟ್ಟುಕೊಡ್ತದೆ."

"ನಿಮ್ದೂ ಅದೇ ಕತೆ. ನೀವು ಮಾಡಿದ ಸಾರಲ್ಲಿ ಮೀನಿನ ಹುರುಪೆ ಸಿಗ್ತದೆ. ಚರ್ಚಲ್ಲಿ ಹಾಡಿನ ಪುಸ್ತಕ ತಲೆಕೆಳಗೆ ಹಿಡೀತೀರಿ."

ಅಲುಮಿತ ಸೊಸೆಯತ್ತ ತಿರುಗಿದಳು. "ಪೆನಾಯನಿಗೆ ಹೇಳಿದ್ಯಾ?"

"ಇಲ್ಲಪ್ಪ. ಅವರು ನಿಮ್ಮನ್ನ ಮನೇಲಿ ಕೂರಿಸ್ತಾರೆ, ನೀವು ಕೂತು ನನ್ನ ತಲೆ ತಿಂತೀರಿ." ಅಷ್ಟರಲ್ಲಿ ಅವಳು ಬಗ್ಗಿದಳು. "ಅಯ್ಯೋ, ಇದೇನತ್ತೆ? ಬಿಲದ ಬಾಗಿಲಲ್ಲಿ ಪುಟ್ಟ ಮೀನು, ಅದರ ಪಕ್ಕದಲ್ಲೇ ಸಿಗಡಿ ಮರಳು ತಳ್ತಾ ಇದೆ. ಮೀನು ಅದನ್ನ ತಿಂದು ಹಾಕಲ್ವಾ?"

"ತಿನ್ನೋದೆಲ್ಲಿ ಬಂತು, ಪೆದ್ದಿ! ಅವೆರಡೂ ಒಂದೇ ಮನೇವು. ಸಿಗಡಿಗೆ ಕಣ್ಣು ಮಂಜು, ಆದ್ರೆ ಅಗೆಯೋದ್ರಲ್ಲಿ ಗಟ್ಟಿ. ಮೀನಿಗೆ ಅಗೆಯೋಕೆ ಬರಲ್ಲ, ಕಣ್ಣು ಚುರುಕು. ಸಿಗಡಿ ಹೊರಗೆ ಬಂದಾಗೆಲ್ಲಾ ಮೀಸೆನ ಮೀನಿನ ಮೈಮೇಲೆ ಇಟ್ಕೊಂಡೇ ಇರ್ತದೆ. ಅಪಾಯ ಕಂಡು ಮೀನು ಬಾಲ ಅಲ್ಲಾಡಿಸಿದ್ರೆ ಸಾಕು..."

ಅಲುಮಿತ ಅಲ್ಲಿಗೇ ನಿಂತಳು. ಈ ಕತೆಯನ್ನು ಊರಿನ ಅರ್ಧ ಮದುವೆಗಳಲ್ಲಿ ಹೇಳಿದ್ದಳು, ತನಗೇ ಒಮ್ಮೆಯೂ ಹೇಳಿಕೊಂಡಿರಲಿಲ್ಲ. ನಾಚಿಕೆಯಾಯಿತು, ಜೊತೆಗೆ ನಗುವೂ ಬಂತು. ಮೆಲ್ಲಗೆ ಸೊಸೆಯ ಹೆಗಲ ಮೇಲೆ ಕೈಯಿಟ್ಟಳು.

"ಮುಂದೆ ನಡಿಯೇ. ಓಡಿ ನನ್ನ ಬೀಳಿಸಬೇಡ."

ಚಿಪ್ಪಿನ ರಾಶಿ ಮೆರೆಸೇನಿಗೆ ಕಂಡಿತು. ಉಳಿದದ್ದನ್ನು ಅಲುಮಿತಳ ಕೈ ಮಾಡಿತು. ಎರಡು ಆಕ್ಟೋಪಸ್ ಸಿಕ್ಕವು. ಎರಡನೆಯದು ಮೆರೆಸೇನಿಯ ತೋಳಿಗೆ ಸುತ್ತಿಕೊಂಡಾಗ ಅವಳು ಕಿರುಚಿದ್ದು ತವರಿಗೇ ಕೇಳಿಸಿರಬೇಕು.

ಔತಣದಲ್ಲಿ ಕೆಲೇರ ಬಾಯಿ ಚಪ್ಪರಿಸಿದಳು. "ಅಲುಮಿತಕ್ಕನ ಕಣ್ಣು ಅಂದ್ರೆ ಹದ್ದಿನ ಕಣ್ಣು!"

ಸುಮ್ಮನೆ ಹೂಂ ಅಂದಿದ್ದರೆ ಆಗುತ್ತಿತ್ತು. ಆದರೆ ಹಾಗನ್ನಲು ಅಲುಮಿತಳಿಗೆ ಮನಸ್ಸು ಬರಲಿಲ್ಲ.

"ನಂಗೆ ಕಣ್ಣು ಕಾಣಲ್ಲ ಕೆಲೇರ. ಎರಡು ವರ್ಷ ಆಯ್ತು. ಹಿಡಿದಿದ್ದು ನಾನು, ಕಂಡಿದ್ದು ಇವಳು."

ಪೆನಾಯ ತಟ್ಟೆ ಕೆಳಗಿಟ್ಟ. "ಅಮ್ಮಾ! ಹಂಗಿದ್ರೆ ನಾಳೆಯಿಂದ ನೀನು..."

"ನಾಳೆ ಹತ್ತು ಗಂಟೆಗೆ ಇಳಿತ," ಎಂದಳು ಮೆರೆಸೇನಿ, ಅತ್ತೆಯ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಾ. "ನಾವಿಬ್ರೂ ಮನೇಲಿರಲ್ಲ. ಮರಗೆಣಸು ನೀವೇ ಬೇಯಿಸ್ಕೊಳ್ಳಿ."