ತವರಿನ ಸೀರೆ

ಬಸಮ್ಮನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಗ್ಗದ್ದೆಯ ಅವರದೇ ತೋಟದಲ್ಲಿ ಗುಣಿಯೂ ತೋಡಿಯಾಗಿತ್ತು. ಆದರೆ ಹೆಣ ಎತ್ತುವಂತಿಲ್ಲ. ಹೆಂಗಸು ಸತ್ತರೆ ತವರಿನವರು ಸೀರೆ ಹೊದಿಸಬೇಕು, ಆಮೇಲೆಯೇ ಮಣ್ಣು. ಸೀರೆ ತರಬೇಕಾದ ತಮ್ಮ ಶಾಂತಮಲ್ಲಪ್ಪ ಹಾನುಬಾಳಿನ ಹೋಟೆಲಿನಲ್ಲಿ ಕೂತು ಬೋಂಡ ತಿನ್ನುತ್ತಿದ್ದನಂತೆ. ಜೀಪಿನಲ್ಲಿ ಬಂದವರು ಕಣ್ಣಾರೆ ಕಂಡು ಹೇಳಿದರು.

ಮಗಳು ಹೇಮಶ್ರೀ ಫೋನ್ ಮಾಡಿದಳು.

"ಹೊಂಟೆ ಕಣವ್ವ. ಹೆಣ ಏನು ಎದ್ದು ಓಡೋಯ್ತದಾ?" ಎಂದ ಮಾವ.

ತವರಿನವರು ಬೇಗ ಬಂದರೆ ಬೆಲೆ ಇಲ್ಲವಲ್ಲ! ಅಂಗಳದ ಶಾಮಿಯಾನದಡಿ ಗಂಡಸರು ಇಸ್ಪೀಟಿಗೆ ಕೂತಿದ್ದರು. ಪಕ್ಕದ ಮನೆಯಿಂದ ಕಾಫಿ ಬರುತ್ತಲೇ ಇತ್ತು. ಚಿಕ್ಕಪ್ಪ ಮಹಾದೇವಯ್ಯ ಎಲೆ ಕಲಸುತ್ತ, ಸಕ್ಕರೆ ಕಮ್ಮಿಯಾಯಿತೆಂದು ಗೊಣಗಿದ. ಸಾವಿನ ಮನೆಯಷ್ಟು ಪುರುಸೊತ್ತು ಈ ಜನಕ್ಕೆ ಇನ್ನೆಲ್ಲೂ ಸಿಗುವುದಿಲ್ಲ.

ಪ್ರತಿ ಗೌರಿ ಹಬ್ಬಕ್ಕೂ ಅವ್ವ ಇದೇ ಜಗಲಿಯಲ್ಲಿ, ಇದೇ ಗೋಡೆಗೆ ಒರಗಿ, ತಮ್ಮ ಅರಿಶಿನ ಕುಂಕುಮ ತಂದಾನೆಂದು ರಸ್ತೆ ನೋಡುತ್ತಿದ್ದಳು. ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಈಗ ಅವಳ ತುಟಿಯ ಮೇಲೆ ನೊಣ ಕೂರುತ್ತಿತ್ತು. ಬೀಸಿ ಬೀಸಿ ಹೇಮಶ್ರೀಯ ಕೈ ಸೋತಿತ್ತು. ಊದುಬತ್ತಿಯ ಹೊಗೆಯನ್ನೂ ಮೀರಿ ಬೇರೆ ವಾಸನೆ ಶುರುವಾಯಿತು. ಅವಳಿಗೆ ಹೇಸಿಗೆ ಉಕ್ಕಿ ಬಂತು, ಆದರೆ ಅದು ಹೆಣವನ್ನು ಕಂಡಲ್ಲ.

"ಚಿಕ್ಕಪ್ಪ, ವಾಸ್ನೆ ಬರ್ತೈತೆ. ಎತ್ತಿ."

"ತವರಿನೋರು ಬರ್ದೆ ಹೆಂಗವ್ವ ಎತ್ತಾದು? ಇದೊಂದಾಟ ಮುಗೀಲಿ, ಅಷ್ಟೊತ್ತಿಗೆ ಬತ್ತಾರೆ."

ಹೇಮಶ್ರೀ ಒಳಗೆ ಹೋಗಿ ತನ್ನ ಬ್ಯಾಗಿನಿಂದ ಒಂದು ಸೀರೆ ತಂದು ಅವ್ವನಿಗೆ ಹೊದಿಸಿದಳು.

"ಆಟ ಆಡ್ಕೊಳಿ ನೀವು. ನಾವು ಹೆಂಗಸ್ರೇ ಎತ್ತೀವಿ."

ಜಗಲಿಯಲ್ಲಿದ್ದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು. ಹೆಂಗಸರು ಹೆಣ ಹೊತ್ತರೆಂದು ಊರು ಆಡಿಕೊಂಡರೆ ಮರ್ಯಾದೆ ಏನಾಗಬೇಕು? ಅಷ್ಟು ಹೊತ್ತು ಕೂತು ಹಿಡಿದುಕೊಂಡಿದ್ದ ಗಂಡಸರ ಸೊಂಟಗಳೆಲ್ಲ ಆಗ ನೆಟ್ಟಗಾದವು. ಎಲೆಗಳನ್ನು ಮಾತ್ರ ಜೋಪಾನವಾಗಿ ಚಾಪೆಯಡಿ ಸೇರಿಸಿಟ್ಟರು.

ಗುಣಿ ಮುಚ್ಚಿ, ಎಲ್ಲರೂ ಕೈಗೆ ಅಂಟಿದ ಮಣ್ಣು ತೊಳೆಯುವಾಗ ಶಾಂತಮಲ್ಲಪ್ಪ ಸೀರೆಯ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ನಿಧಾನವಾಗಿ ತೋಟಕ್ಕೆ ಇಳಿದು ಬಂದ.

"ನಾನು ಬರಗಂಟ ಕಾಯಕ್ಕಾಗ್ಲಿಲ್ವೇನವ್ವ?"

"ನಿಮ್ಗೆ ಕಾಯೋಳ್ನ ಈಗ್ತಾನೆ ಮಣ್ಣು ಮಾಡುದ್ವಿ, ಮಾವ."

ಶಾಂತಮಲ್ಲಪ್ಪ ಗುಣಿಯ ಕಡೆ ಒಮ್ಮೆ ನೋಡಿದ. ಆಮೇಲೆ ಮಹಾದೇವಯ್ಯನ ಕಡೆ ತಿರುಗಿ ಕೇಳಿದ:

"ಊಟಕ್ಕೆ ಎಲ್ಲಿ ಮಾಡ್ಸೀರಿ?"