ದೊಡ್ಡ ಕುದುರೆ

ಆ ಮಂಗೋಲ ಬಯಲಲ್ಲಿ ಯಾರೂ ಮಲ ಮೂತ್ರದ ಮಾತನ್ನು ಬಾಯಿಬಿಟ್ಟು ಆಡುವುದಿಲ್ಲ. "ಕುದುರೆ ನೋಡಿ ಬರ್ತೀನಿ" ಎಂದು ಎದ್ದರೆ ಸಾಕು, ಡೇರೆಯಲ್ಲಿದ್ದವರೆಲ್ಲ ಬೇರೆ ಕಡೆ ಮುಖ ಮಾಡುತ್ತಾರೆ. ಚಿಕ್ಕ ಕುದುರೆಯೆಂದರೆ ಮೂತ್ರ, ದೊಡ್ಡದೆಂದರೆ ಮಲ. ಮರವಿಲ್ಲ, ಗೋಡೆಯಿಲ್ಲ. ಇನ್ನೊಬ್ಬರ ಮಾನ ಉಳಿಯುವುದು ನಮ್ಮ ಕಣ್ಣು ಸುಮ್ಮನಿದ್ದರೆ ಮಾತ್ರ.

ವಸಂತದ ಬಿಡಾರಕ್ಕೆ ಬಂದ ಮೇಲೆ ಮುದುಕ ದಾಗ್ವ ಅವರ ಹೊಟ್ಟೆ ಹಿಡಿತಕ್ಕೆ ಸಿಗದಾಯಿತು. ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ಆಗಿಹೋಯಿತು. ಸೊಸೆ ಉಂದ್ರಾ ಕಂಬಳಿಯನ್ನು ಹೊಳೆಗೆ ತಾಗಿಸದೆ, ನೀರು ಹೊತ್ತು ತಂದು ದೂರದಲ್ಲಿ ತೊಳೆದಳು. ಗಂಡ ಗಾಲ್ಸನ್‌ಗೂ ಹೇಳಲಿಲ್ಲ. ತಬ್ಬಲಿಯಾಗಿ ಬೆಳೆದ ಅವಳನ್ನು ಮೊದಲ ಸಲ "ಮಗಳೇ" ಎಂದು ಕರೆದವರು ಈ ಮಾವ. ಅವರು ತಲೆಯೆತ್ತಲಾರದೆ ಕುಳಿತಿದ್ದರು.

"ಕೂಸಾಗಿಬಿಟ್ಟೆ ಮಗಳೇ."

"ಬಿಡಿ ಅಪ್ಪಾ. ಬಂಡೆ ಹಿಂದೆ ಗುಂಡಿ ತೋಡಿದೀನಿ, ಮುಚ್ಚೋಕೆ ಮಣ್ಣೂ ಇಟ್ಟಿದೀನಿ. ನೀವು ಹೇಳಿ ಹೊರಡಿ, ನಾನು ಮುಖ ತಿರುಗಿಸ್ತೀನಿ. ನೀವಾಗಿ ಬರೋವರ್ಗೂ ಯಾರೂ ಹಿಂದೆ ಬರಲ್ಲ. ಇದು ನನ್ನ ಮಾತು."

ಕೆಲವು ದಿನಗಳಾದ ಮೇಲೆ ಒಮ್ಮೆ ಗಾಲ್ಸನ್ ಕುರಿ ಹೊಡೆದುಕೊಂಡು ಹೋಗಿದ್ದ. ಉಂದ್ರಾ ಹಿಟ್ಟು ನಾದುತ್ತಿದ್ದಳು. ದೂರದಲ್ಲೆಲ್ಲೋ ಕುದುರೆ ಕೆನೆಯಿತು. ಮಾವ ಟೋಪಿ ಹಾಕಿಕೊಂಡು ಎದ್ದರು.

"ಕುದುರೆ ನೋಡಿ ಬರ್ತೀನಿ."

"ಯಾವುದು ಅಪ್ಪಾ, ಚಿಕ್ಕದೋ ದೊಡ್ಡದೋ?"

"ದೊಡ್ಡದೇ. ಹೊತ್ತಾಗುತ್ತೆ."

ಬಹಳ ದಿನಕ್ಕೆ ಮಾವನ ದನಿಯಲ್ಲಿ ಗೆಲುವಿತ್ತು. ಉಂದ್ರಾ ನಗುತ್ತಾ ಒಲೆಯ ಕಡೆ ತಿರುಗಿದಳು.

ಸ್ವಲ್ಪ ಹೊತ್ತಿಗೆ, ಅಲ್ಲಿ ವಸಂತದಲ್ಲೂ ಏಳುವ ಹಿಮಗಾಳಿ ಎದ್ದಿತು. ಅವಳು ಮತ್ತೆ ಮತ್ತೆ ಬಾಗಿಲ ತನಕ ಬಂದಳು, ಕೊಟ್ಟ ಮಾತು ನೆನೆದು ಹಿಂದೆ ಸರಿದಳು. ಕೂತಲ್ಲಿ ಹೋಗಿ ನಿಂತರೆ ಆ ಜೀವ ನಾಚಿಕೆಯಿಂದಲೇ ಸತ್ತೀತು ಎಂದುಕೊಂಡಳು. ಅಷ್ಟರಲ್ಲಿ ಗಾಲ್ಸನ್ ಮೈಮೇಲಿನ ಹಿಮ ಕೊಡವುತ್ತಾ ಒಳಗೆ ಬಂದ.

"ಅಪ್ಪ ಎಲ್ಲಿ?"

"ಕುದುರೆ ನೋಡೋಕೆ ಹೋದ್ರು."

"ಈ ಗಾಳೀಲಾ? ಪಾಪ, ನಿಧಾನಕ್ಕೆ ಬರ್ಲಿ" ಎಂದು ಅವನೂ ಚಹಾ ಬಗ್ಗಿಸಿಕೊಂಡು ಕುಳಿತ. ಬಟ್ಟಲು ಬರಿದಾದ ಮೇಲೆ ಕೇಳಿದ, "ಹೋಗಿ ಎಷ್ಟು ಹೊತ್ತಾಯ್ತು?"

ಉಂದ್ರಾ ಧಡಕ್ಕನೆ ಎದ್ದಳು. ಬಂಡೆಯ ಕಡೆ ಓಡಿದಳು, ಗಾಲ್ಸನ್ ಹಿಂದೆಯೇ ಬಂದ. ಬಂಡೆಯ ಹಿಂದೆ ಗುಂಡಿ ತೋಡಿದಂತೆಯೇ ಇತ್ತು. ಮಣ್ಣಿನ ರಾಶಿಯನ್ನು ಯಾರೂ ಮುಟ್ಟಿರಲಿಲ್ಲ.

ದಿಣ್ಣೆಯ ಆಚೆ, ಕುದುರೆಗಳ ಹಿಂಡು ಗಾಳಿಗೆ ಬೆನ್ನು ಕೊಟ್ಟು ನಿಂತಲ್ಲಿ ಮಾವ ಸಿಕ್ಕರು. ಅವರೇ ಮರಿಯಿಂದ ಸಾಕಿದ ದೊಡ್ಡ ಕೆಂಪು ಗಂಡುಕುದುರೆಯ ಹತ್ತಿರ ಹೋಗಬೇಡಿ, ಬಿದ್ದೀರಿ ಎಂದು ಮಗ ಚಳಿಗಾಲದಿಂದ ತಡೆದಿದ್ದ. ಅದು ಅವರ ಪಕ್ಕದಲ್ಲೇ ನಿಂತಿತ್ತು. ಮಾವ ಕಲ್ಲಿಗೊರಗಿ ಕುಳಿತಿದ್ದರು, ಮೈಯೆಲ್ಲ ಹಿಮ. ಉಸಿರಿರಲಿಲ್ಲ.

ಗಾಲ್ಸನ್ ತಂದೆಯ ಕೈಗಳನ್ನು ಉಜ್ಜಿ ಉಜ್ಜಿ ಸೋತ. ಆಮೇಲೆ ಹೆಂಡತಿಯತ್ತ ತಿರುಗಿದ.

"ಹೋಗ್ತಾ ಏನಂದ್ರು? ಸರಿಯಾಗಿ ಹೇಳು."

"ಕುದುರೆ ನೋಡಿ ಬರ್ತೀನಿ ಅಂದ್ರು."

ಹೇಳಿದ ಮಾತು ಅವಳದೇ ಕಿವಿಗೆ ಬಿತ್ತು. ಉಂದ್ರಾ ಆ ಕೆಂಪು ಕುದುರೆಯನ್ನು ನೋಡಿದಳು.

"ಇದ್ದದ್ದನ್ನ ಇದ್ದ ಹಾಗೇ ಹೇಳಿದ್ರು ಕಣ್ರೀ. ನಾನು ಮುಖ ತಿರುಗಿಸ್ಕೊಂಡೆ."