ಕೊನೆಯ ಎರಡು ಅಂಕಿ

ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ ಈ ಲಾರಿ ಡ್ರೈವರ್, ಅಕ್ಷರದ ಹಲಗೆಯ ಕೊನೇ ಸಾಲನ್ನು ಇಷ್ಟು ಸಲೀಸಾಗಿ ಯಾರೂ ಓದುವುದಿಲ್ಲ, ಕಣ್ಣು ಚೊಕ್ಕವಾಗಿರುವವರೂ ಅಲ್ಲಿ ಒಂದು ಗಳಿಗೆ ತಡವರಿಸುತ್ತಾರೆ, ಇವನು ಬೆಂಚಿನ ಮೇಲೆ ಕೂತು ಮುಂಚಿನವರು ಓದಿದ್ದನ್ನು ಕೇಳಿಸಿಕೊಂಡೇ ಕಲಿತುಬಿಟ್ಟಿದ್ದಾನೆ, ಲೈಸೆನ್ಸಿಗೆ ಬರುವವರದೆಲ್ಲ ಇದೇ ಆಟ, ನಾನೇನು ನಿನ್ನೆ ಮೊನ್ನೆ ಕನ್ನಡಕದ ಅಂಗಡಿ ತೆರೆದವಳೇ, ಹಲಗೆ ತಿರುಗಿಸಿದರೆ ಹಿಂದೆ ಬೇರೆ ಅಕ್ಷರಗಳಿವೆ, ಈಗ ಓದಿ, ಅಂದೆ, ಅವನು ಕಣ್ಣು ಕಿರಿದು ಮಾಡಿ, ಮೇಡಂ ಮೊದ್ಲಿನ್ದೇ ಚೆನ್ನಾಗಿತ್ತಲ್ವಾ, ಅನ್ನುತ್ತಾನೆ — ನನಗೆ ನಗು ಬರಬೇಕಿತ್ತು, ಬರಲಿಲ್ಲ, ಕೌಂಟರಿನ ಮೇಲೆ ನನ್ನ ಫೋನು ಬೆಳಗಿನಿಂದ ಒಂದೇ ಮಾತು ಹಿಡಿದುಕೊಂಡು ಕೂತಿದೆ, ನೀವು ನೀವೇ ಎಂದು ದೃಢಪಡಿಸಿ. ನಾನು ನಾನಲ್ಲದೆ ಇನ್ಯಾರು, ನಿಮ್ಮಜ್ಜಿಯೇ? ಬಾಗಿಲ ಮೇಲೆ ನನ್ನ ಹೆಸರಿದೆ, ಗೋಡೆಯ ಮೇಲೆ ನನ್ನ ಪ್ರಮಾಣಪತ್ರವಿದೆ, ಬೀದಿಯಲ್ಲಿ ಅರ್ಧ ಜನರ ಮೂಗಿನ ಮೇಲೆ ನಾನು ಕೂರಿಸಿದ ಗಾಜಿದೆ, ಇಷ್ಟು ಸಾಲದೆ? ಸಾಲದಂತೆ. ಡ್ರೈವರಿಗೆ ಸರಿಯಾದ ಗಾಜು ಬರೆದುಕೊಟ್ಟೆ, ಹೊಸ ಫ್ರೇಮಿನ ಪ್ಲಾಸ್ಟಿಕ್ ಹಾಳೆ ಸುಲಿದೆ, ಪರಪರ ಅಂತು, ತಮ್ಮನ ಸ್ಕೂಟರಿನ ಸೀಟು ನೆನಪಾಯಿತು, ಅದರ ಪ್ಲಾಸ್ಟಿಕ್ಕನ್ನು ಅವನು ಇವತ್ತಿಗೂ ತೆಗೆದಿಲ್ಲ, ಕೂತರೆ ಇದೇ ಸದ್ದು, ಈಗ ಅದ್ಯಾಕೆ ನೆನಪಾಗಬೇಕು, ಇವತ್ತು ಸಂಜೆಯೊಳಗೆ ಬ್ಯಾಂಕಿನಿಂದ ಹೂಂ ಅನ್ನಿಸಿಕೊಳ್ಳದಿದ್ದರೆ ಈ ಅಂಗಡಿಯೇ ಇರುವುದಿಲ್ಲ. ಕಟ್ಟಡದ ಯಜಮಾನರು ಒಳ್ಳೆಯವರೇ, ಅಮ್ಮಾ ಈ ಮಳಿಗೆ ಮಾರ್ತಿದೀನಿ, ಮೊದಲು ನಿನ್ನನ್ನೇ ಕೇಳ್ತಿದೀನಿ, ನೀನು ತಗೊಳ್ಳಲ್ಲ ಅಂದ್ರೆ ಆ ಜ್ಯೂಸಿನವನಿಗೆ ಕೊಡ್ತೀನಿ, ಅಂದಿದ್ದರು, ನಾನು ಕುಣಿದುಕೊಂಡು ಬ್ಯಾಂಕಿಗೆ ಹೋದೆ, ಮ್ಯಾನೇಜರ್ ಪರದೆ ನೋಡಿ ತುಟಿ ಸೊಟ್ಟ ಮಾಡಿದರು, ನಿಮ್ಮ ಕ್ರೆಡಿಟ್ ಸ್ಕೋರ್ ಪಾತಾಳಕ್ಕೆ ಹೋಗಿದೆಯಲ್ಲ ಮೇಡಂ, ಎಲ್ಲೋ ಕಂತು ನಿಲ್ಲಿಸಿದೀರಿ, ಸಾರ್ ನಾನು ಜೀವಮಾನದಲ್ಲಿ ಸಾಲಾನೇ ಮಾಡಿಲ್ಲ, ಹಾಗಾದ್ರೆ ವರದಿ ತರಿಸಿ ನೋಡಿ, ನಿಮ್ಮ ಮುಂದೇನೇ ಇದೆಯಲ್ಲ ಸಾರ್ ಸ್ವಲ್ಪ ಈ ಕಡೆ ತಿರುಗಿಸಿ, ತಿರುಗಿಸೋ ಹಾಗಿಲ್ಲ ಮೇಡಂ, ನಿಮ್ಮದನ್ನ ನೀವೇ ತೆಗೀಬೇಕು, ನಿಮ್ಮದಲ್ಲದ ಸಾಲ ಅದರಲ್ಲಿದ್ರೆ ಪೊಲೀಸರಿಗೆ ದೂರು ಕೊಟ್ಟು ಪ್ರತಿ ತನ್ನಿ, ಅಷ್ಟೇ. ನನ್ನ ಜಾತಕ ಅವರ ಮೇಜಿನ ಮೇಲೆ, ನಾನು ಮಾತ್ರ ಅದರ ಬೆನ್ನು ನೋಡಿಕೊಂಡು ಎದ್ದು ಬಂದೆ.

ನಿನ್ನೆ ಪ್ರಶ್ನೆ ಕೇಳಿದರು ಆ ವರದಿ ಕೊಡುವ ವೆಬ್‌ಸೈಟಿನವರು, ಕೆಳಗಿನವುಗಳಲ್ಲಿ ನೀವು ಪಡೆದಿರುವ ಸಾಲ ಯಾವುದು, ಮನೆ ಸಾಲ, ವ್ಯಾಸಂಗದ ಸಾಲ, ದ್ವಿಚಕ್ರ ವಾಹನದ ಸಾಲ, ಯಾವುದೂ ಅಲ್ಲ — ದ್ವಿಚಕ್ರ ವಾಹನ! ಸೈಕಲ್ ಹತ್ತಲೂ ಬಾರದವಳು ನಾನು, ಎದೆ ಉಬ್ಬಿಸಿಕೊಂಡು ಯಾವುದೂ ಅಲ್ಲ ಅಂತ ಒತ್ತಿದೆ, ಉತ್ತರ ದಾಖಲೆಗೆ ಹೊಂದುತ್ತಿಲ್ಲ, ಮತ್ತೆ ಒತ್ತಿದೆ, ಹೊಂದುತ್ತಿಲ್ಲ, ನನ್ನ ಕುರ್ಚಿಯಲ್ಲಿ ಕೂತವರಿಗೆ ನಾನು ಗಾಜು ಬದಲಿಸಿ ಬದಲಿಸಿ, ಇದಾ ಅದಾ, ಅಂತ ಕೇಳುವಾಗ ಎರಡೂ ಒಂದೇ ಥರ ಕಾಣುತ್ತೆ ಅಂದರೂ ನಾನು ಒಪ್ಪುತ್ತೇನೆ, ಅದೂ ಒಂದು ಉತ್ತರವೇ, ಇವರಲ್ಲಿ ಅದೆಲ್ಲ ಇಲ್ಲ. ಇವತ್ತು ಬೇರೆ ದಾರಿ, ಕೋಡ್ ಕಳಿಸುತ್ತಾರಂತೆ, ಒತ್ತಿದೆ, ಕಳಿಸಿದೆವು ಅಂದರು, ಬರಲಿಲ್ಲ, ಕಸ್ಟಮರ್ ಕೇರಿಗೆ ಫೋನ್ ಹಚ್ಚಿದೆ, ನಿಮ್ಮ ಕರೆ ನಮಗೆ ಅಮೂಲ್ಯ ಅಂತ ಅದೇ ಸಂಗೀತ ಕೇಳಿ ಕೇಳಿ ಕಿವಿ ಕಾದಮೇಲೆ ಒಬ್ಬ ಹುಡುಗಿ ಸಿಕ್ಕಳು, ಕೋಡ್ ಹೋಗಿದೆ ಮೇಡಂ, ಬಂದಿಲ್ಲಮ್ಮ, ನಿಮ್ಮ ನಂಬರಿಗೇ ಹೋಗಿದೆ ಮೇಡಂ, ಯಾವ ನಂಬರಿಗೆ, ಅದನ್ನ ಹೇಳೋ ಹಾಗಿಲ್ಲ ಮೇಡಂ, ನನ್ನ ನಂಬರ್ ನನಗೆ ಹೇಳೋಕೇನಮ್ಮ, ಕೊನೇ ಎರಡಂಕಿ ಬೇಕಾದ್ರೆ ಹೇಳ್ತೀನಿ, ನಲವತ್ತೇಳು, ನನ್ನದು ಹನ್ನೆರಡಕ್ಕೆ ಮುಗಿಯುತ್ತಲ್ಲ, ಹಾಗಾದ್ರೆ ನಂಬರ್ ಬದಲಾಯಿಸ್ಕೊಳ್ಳಿ ಮೇಡಂ, ಹೇಗೆ, ಲಾಗಿನ್ ಆಗಿ ಮೇಡಂ, ಲಾಗಿನ್ ಆಗೋದು ಹೇಗೆ, ಕೋಡ್ ಹಾಕಿ ಮೇಡಂ, ಕೋಡ್ ಎಲ್ಲಿಗೆ ಬರುತ್ತೆ, ನಲವತ್ತೇಳಕ್ಕೆ ಮೇಡಂ — ಗಾಣದೆತ್ತಿಗಾದರೂ ಸಂಜೆಗೆ ಬಿಡುಗಡೆಯಿದೆ. ಬೇರೆ ಏನಾದರೂ ಸಹಾಯ ಬೇಕಾ ಮೇಡಂ, ಅಂತಲೂ ಕೇಳಿದಳು ಪುಣ್ಯಾತ್ಗಿತ್ತಿ. ಸಹಾಯವಂತೆ.

ಮತ್ತೆ ಒತ್ತಿದೆ, ಮತ್ತೆ ಕಳಿಸಿದರಂತೆ, ಆ ನಲವತ್ತೇಳು ಯಾರಪ್ಪಾ ನೀನು, ಎಲ್ಲಿದ್ದೀಯ, ನನ್ನ ಕೋಡುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಏನು ಮಾಡುತ್ತಿದ್ದೀಯ — ಫೋನು ಹೊಡೆದುಕೊಂಡಿತು, ಅವರಲ್ಲ, ತಮ್ಮ, ಬೆಳಿಗ್ಗೆಯಿಂದ ಇದು ಎಷ್ಟನೇ ಸಲವೋ, ಮೊದಲು, ಅಕ್ಕಾ ತಿಂಡಿ ಆಯ್ತಾ, ಆಮೇಲೆ, ಅಕ್ಕಾ ಅಂಗಡೀಲಿದ್ದೀಯಾ, ಇದ್ದೀನಿ ಕಣೋ ಇನ್ನೆಲ್ಲಿಗೆ ಹೋಗ್ಲಿ, ಈಗ ಸುಮ್ಮನೆ ಉಸಿರಾಡುತ್ತಿದ್ದಾನೆ, ಏನೋ, ಏನಿಲ್ಲಕ್ಕಾ ಸುಮ್ನೆ, ಅಂತ ಇಟ್ಟುಬಿಟ್ಟ. ಕೆಲಸ ಬಿಟ್ಟಾಗಿನಿಂದ ತಾನಾಗಿ ಫೋನ್ ಮಾಡದವನು, ನಾನೇ ಮಾಡಿದರೂ ಹತ್ತು ಸಲಕ್ಕೆ ಒಂದು ಸಲ ಎತ್ತುವವನು, ಇವತ್ತು ತಿಂಡಿ ವಿಚಾರಿಸುತ್ತಾನೆ — ನಾನು ಒತ್ತಿದ ಮೇಲೆ ಫೋನು, ಮತ್ತೆ ಒತ್ತಿದ ಮೇಲೆ ಮತ್ತೆ ಫೋನು. ಪರದೆಯಲ್ಲಿ ತಮ್ಮ ಅಂತ ಮಾತ್ರ ಇದೆ, ಅದರ ಹಿಂದಿನ ನಂಬರನ್ನು ಯಾರು ನೋಡುತ್ತಾರೆ, ಸ್ವಂತ ತಮ್ಮನಿಗೆ ನಂಬರ್ ಯಾಕೆ, ಒತ್ತಿ ತೆರೆದೆ, ಕಣ್ಣು ನೇರ ಕೊನೆಗೇ ಹೋಯಿತು. ನಾಲ್ಕು, ಏಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದೆ, ಈಗಲೂ ನಾಲ್ಕು, ಏಳು, ಅವನು ಸಹಿ ಹಾಕಿಸಿಕೊಳ್ಳಲು ಬಂದ ದಿನ ಮಾತ್ರ ಹಾಕಿಕೊಂಡಿರಲಿಲ್ಲ, ಕನ್ನಡಕದ ಕಡ್ಡಿ ಸಡಿಲವಾಗಿತ್ತು, ಸ್ಕ್ರೂ ಬಿಗಿಯಲೆಂದು ತೆಗೆದು ಮೇಜಿನ ಮೇಲಿಟ್ಟಿದ್ದೆ, ಗಿರಾಕಿಗಳ ಗಲಾಟೆ, ಅವನು ಕಾಗದಗಳನ್ನು ಕೌಂಟರಿನ ಮೇಲೆ ಹರಡಿ, ಅಕ್ಕಾ ರೂಮ್ ಬಾಡಿಗೆಗೆ ಜಾಮೀನು ಬೇಕಂತೆ, ಇಲ್ಲಿ, ಇಲ್ಲಿ, ಇಲ್ಲೊಂದು, ಅಂತ ಬೆರಳಿಟ್ಟು ತೋರಿಸಿದ, ನಾನು ಅವನ ಬೆರಳು ನೋಡಿಕೊಂಡು ಸಹಿ ಹಾಕುತ್ತ ಹೋದೆ, ಗುರುತಿನ ಕಾರ್ಡನ್ನೂ ಕೊಟ್ಟೆ, ಊರವರ ಕಣ್ಣಿಗೆಲ್ಲ ಗಾಜು ಹಾಕುವವಳು ಬರಿಗಣ್ಣಲ್ಲಿ ಸಹಿ ಹಾಕಿದಳು, ಯಾರಿಗಾದರೂ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದಾದ ಸ್ವಲ್ಪ ದಿನಕ್ಕೇ ಸ್ಕೂಟರ್ ಬಂತು, ಹಸಿರು ಬಣ್ಣದ್ದು, ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೇ ಹೊಡೆದ, ಬಾರಕ್ಕಾ ಮೊದಲ ಸವಾರಿ ನಿನಗೇ, ನಾನು ಒಂದೇ ಕಡೆಗೆ ಕಾಲು ಹಾಕಿ ಕೂತೆ, ಪರಪರ, ಜಾರಿ ಬೀಳ್ತೀನಿ ಕಣೋ ಈ ಪ್ಲಾಸ್ಟಿಕ್ ಕಿತ್ತು ಬಿಸಾಕು, ಅಂದೆ, ಬೇಡಕ್ಕಾ, ಅಂದ, ತಿರುಗಿ ನೋಡದೆ, ಇನ್ನೂ ಪೂರ್ತಿ ನನ್ನದಾಗಿಲ್ಲ.

ಎಷ್ಟು ಸಿಟ್ಟು ಬರುತ್ತಿದೆ ಎಂದರೆ ಸಾಲು ಸಾಲು ಫ್ರೇಮುಗಳನ್ನೆಲ್ಲ ಗುಡಿಸಿ ಬೀದಿಗೆ ಎಸೆಯಬೇಕು ಅನ್ನಿಸುತ್ತಿದೆ, ಸಾಲ ನನ್ನ ಹೆಸರಲ್ಲಿ, ನಂಬರ್ ನಿನ್ನದು, ಕೇಳಿದ್ದರೆ ಕೊಡುತ್ತಿರಲಿಲ್ಲವೇನೋ ಕತ್ತೆ, ಬೈಯುತ್ತಿದ್ದೆ, ಆಮೇಲೆ ಕೊಡುತ್ತಿದ್ದೆ, ನಿನಗೆ ನಡೆಯಲು ಕಲಿಸಿದವಳು ನಾನು — ಕೈ ತಾನೇ ತಾನಾಗಿ ಮತ್ತೊಮ್ಮೆ ಒತ್ತಿತು, ಕೋಡ್ ಕಳಿಸಿ. ಈ ಸಲ ಅವನು ಫೋನ್ ಮಾಡಲಿಲ್ಲ. ಜ್ಯೂಸಿನವನು ಅಳತೆ ಟೇಪು ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತ, ಏನಕ್ಕಾ ಯೋಚನೆ ಮಾಡಿದ್ರಾ, ಹೋಗಯ್ಯ ಇನ್ನೂ ಸಂಜೆಯಾಗಿಲ್ಲ, ಅಂದೆ, ನನ್ನ ದನಿ ನನಗೇ ಹೊಸದಾಗಿ ಕೇಳಿತು, ಅಷ್ಟರಲ್ಲಿ ಫೋನು ಒಮ್ಮೆ ನಡುಗಿತು, ತಮ್ಮನ ಮೆಸೇಜು, ಅಕ್ಕಾ ಅಂತಿಲ್ಲ, ತಪ್ಪಾಯ್ತು ಅಂತಿಲ್ಲ, ಆರು ಅಂಕಿ, ಬೇರೇನೂ ಇಲ್ಲ. ಯಾರಿಗೂ ಹೇಳಬೇಡಿ ಅಂತ ಬರೆದು ಕಳಿಸುತ್ತಾರಲ್ಲ ಆ ಕೋಡನ್ನು, ಅವನು ಹೇಳಿಬಿಟ್ಟ. ಚೌಕಗಳಲ್ಲಿ ಒಂದೊಂದೇ ಒತ್ತುತ್ತಿದ್ದೇನೆ, ಐದು ತುಂಬಿದವು, ಆರನೆಯದು ಒತ್ತಿದರೆ ಬಾಗಿಲು ತೆರೆಯುತ್ತದೆ, ಒಳಗೇನಿದೆ ಅಂತ ಗೊತ್ತು, ಮ್ಯಾನೇಜರ್ ಪರದೆಯ ಹಿಂದಿನಿಂದ ಕೇಳುವುದೂ ಗೊತ್ತು, ನಿಮ್ಮದಾ, ಅಲ್ವಾ, ನನ್ನದು ಅಂದರೆ ಅಂಗಡಿ ಹೋಯಿತು, ನನ್ನದಲ್ಲ ಅಂದರೆ ಪೊಲೀಸರು ಅವನ ಮನೆ ಬಾಗಿಲಿಗೆ, ಇದಾ ಅದಾ, ಇದಾ ಅದಾ, ಎಷ್ಟು ಜನರನ್ನು ಕೇಳಿದ್ದೇನೆ ಈ ಕುರ್ಚಿಯಲ್ಲಿ ಕೂರಿಸಿ, ಸಮಯ ಮುಗಿಯುತ್ತಿದೆ ಅಂತ ಪರದೆ ಕೆಂಪಗಾಗುತ್ತಿದೆ, ಬೆರಳು ಅಲ್ಲೇ ನಿಂತಿದೆ, ಸೀಟಿನ ಮೇಲೆ ಆ ಪ್ಲಾಸ್ಟಿಕ್, ಬಿಸಿಲಿಗೆ ಹಳದಿಯಾಗಿ ಅಂಚೆಲ್ಲ ಹರಿದಿದ್ದರೂ ಅವನು ಇನ್ನೂ ತೆಗೆಯದ ಪ್ಲಾಸ್ಟಿಕ್, ಆ ಪ್ಲಾಸ್ಟಿಕ್ —